ಬಿರುದಾಂಕಿತರ ವಂಶಾವಳಿ: ಗಂಗರಾಜನ ನಿದರ್ಶನ

ಹಸ್ತಪ್ರತಿಗಳ ಪ್ರಶಸ್ತಿಗಳಿಂದಲೂ ಶಾಸನಗಳಿಂದಲೂ ವಂಶಾವಳಿಗಳನ್ನು ಸಂಕಲಿಸುವವರಿಗೆ ‘ಮನೆತನದ ಹೆಸರು’ ಎಂಬ ಅಂಕಣವೇ ಮೊದಲ ತೊಡಕು. ನಮ್ಮ ಪ್ರಾಚೀನ ಜೈನ ದಂಡನಾಯಕರಲ್ಲಿ ಅಂತಹ ಹೆಸರು ಕಾಣುವುದು ವಿರಳ. ಅವರಿಗೆ ಇದ್ದುದು ಸ್ವನಾಮ, ಗೋತ್ರ ಅಥವಾ ಕುಲ, ಪದವಿ, ಬಿರುದಾವಳಿ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಸರನ್ನು ಕಂಡೊಡನೆ ಆತನನ್ನು ತಲಕಾಡಿನ ಗಂಗವಂಶಕ್ಕೆ ಸೇರಿಸುವ ಪ್ರಲೋಭನೆ ಉಂಟಾಗುತ್ತದೆ. ಚೋಳರಿಂದ ತಲಕಾಡನ್ನು ಗೆದ್ದುಕೊಂಡವನೂ ಆತನೇ ಆದುದರಿಂದ ಭ್ರಾಂತಿ ಮತ್ತಷ್ಟು ಬಲಿಯುತ್ತದೆ. ಆದರೆ ಶ್ರವಣಬೆಳಗೊಳದ ಶಾಸನಗಳಂತೆ ಆತನು ಕೌಂಡಿನ್ಯಗೋತ್ರದ ಏಚಿರಾಜ ಮತ್ತು ಪೋಚಿಕಬ್ಬೆಯರ ಮಗ. ಏಚಿರಾಜನಿಗೆ ಬುಧಮಿತ್ರನೆಂಬ ಹೆಸರೂ ಉಂಟು. ಅಜ್ಜ ಮಾರ, ತಂದೆ ಏಚ, ತಾನು ಗಂಗ, ಮಗ ಬೊಪ್ಪ: ನಾಲ್ಕು ತಲೆಮಾರುಗಳನ್ನು ಹೆಣೆಯುವ ಸಮಾನ ಪದವೊಂದೂ ಇಲ್ಲಿಲ್ಲ. ಮರಳಿ ಬರುವುದು ಅಜ್ಜನ ಹೆಸರು ಮಾತ್ರ. ಅಣ್ಣ ಬಮ್ಮನ ಮಗನೂ ಏಚನೇ. ‘ರಾಜ’ ಎಂಬುದು ಗೌರವಸೂಚಕವೇ ಹೊರತು ರಾಜವಂಶದ ಗುರುತಲ್ಲ.

ಹಾಗೆಂದು ಬಿರುದುಗಳನ್ನು ಕೇವಲ ಅಲಂಕಾರವೆಂದು ಬಿಟ್ಟುಬಿಡುವುದೂ ಸಲ್ಲದು. ಗಂಗರಾಜನು 1133ರಲ್ಲಿ ತೀರಿಕೊಂಡ ಬಳಿಕ ಬೊಪ್ಪನು ತಂದೆಯ ಸ್ಮರಣಾರ್ಥ ದೋರಸಮುದ್ರದಲ್ಲಿ ಎತ್ತಿಸಿದ ಬಸದಿಗೆ ‘ದ್ರೋಹಘರಟ್ಟ ಜಿನಾಲಯ’ವೆಂದು ಹೆಸರಾಯಿತು. ದ್ರೋಹಘರಟ್ಟ ಎಂಬುದು ಗಂಗರಾಜನ ಬಿರುದು. ಇದನ್ನರಿಯದವನು ಆ ಹೆಸರಿನ ಬೇರೊಬ್ಬ ದಾನಿಯನ್ನೇ ಕಲ್ಪಿಸಿಯಾನು! ಚಾವುಂಡರಾಯನ ‘ವೀರಮಾರ್ತಂಡ’ವಂತೂ ಗೋನೂರಿನ ಕಾಳಗದಿಂದ ಬಂದುದಾಗಿ, ಕಾಲನಿರ್ಣಯಕ್ಕೂ ಒದಗುತ್ತದೆ.

ಅಳಿಯಸಂತಾನದಲ್ಲಿ ಅಪಾಯ ಇನ್ನೂ ಹೆಚ್ಚು. 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನನ್ನು, ‘ಇಮ್ಮಡಿ’ ಎಂಬುದನ್ನು ನೆಚ್ಚಿ, ಹಿಂದಿನ ಭೈರವನ ಮಗನೆಂದು ಬರೆದರೆ ವಂಶವೃಕ್ಷವೇ ತಪ್ಪುತ್ತದೆ. ಆತನು ಭೈರವನ ಸೋದರಿ ಗುಮ್ಮಟಾಂಬೆಯ ಮಗ, ಎಂದರೆ ಅಳಿಯ.

ಆದುದರಿಂದ ಸ್ವನಾಮವನ್ನೇ ಶಿರೋನಾಮವಾಗಿ ಇಟ್ಟು, ಬಿರುದುಗಳನ್ನು ಆಕರ ಮತ್ತು ವರ್ಷಗಳೊಡನೆ ಪ್ರತ್ಯೇಕವಾಗಿ ಬರೆದು, ಸಂಬಂಧವನ್ನು ಆಕರದಲ್ಲಿ ಇರುವ ಶಬ್ದದಿಂದಲೇ ಸೂಚಿಸುವುದು ಲೇಸು. ಮನೆತನದ ಅಂಕಣ ಬರಿದಾಗಿದ್ದರೆ ಬರಿದಾಗಿಯೇ ಇರಲಿ. ಸ್ವನಾಮವೊಂದೇ ಸಾಲದೆಡೆ ತಂದೆಯ ಹೆಸರನ್ನೂ ಬಿರುದನ್ನೂ ಜೊತೆಗಿಡಬೇಕು. ಗಂಗರಾಜನ ಮಗ ಬೊಪ್ಪನೂ, ಸುಮಾರು 1180ರಲ್ಲಿ ಗೊಮ್ಮಟಸ್ತುತಿಯ ಶಾಸನವನ್ನು ರಚಿಸಿದ ಸುಜನೋತ್ತಂಸ ಬೊಪ್ಪಣ ಪಂಡಿತನೂ ಒಂದೇ ಚೀಟಿಗೆ ಬರುವವರಲ್ಲ.