ಚಹಾದ ಬಗ್ಗೆ ತಡವಾಗಿ ಬಂದ ಒಂದು ತಿದ್ದುಪಡಿ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಸಾರ ಸಮೇತನಾಗಿ ಮನೆಗೆ ಬಂದಿದ್ದ. ಶುಂಠಿ, ಏಲಕ್ಕಿ ಹಾಕಿ ಕುದಿಸಿದ ಚಹಾವನ್ನು ನಾನೇ ಮಾಡಿಕೊಟ್ಟೆ. ಕುಡಿಯುತ್ತ ಅವನು ಮಗಳಿಗೆ, "ಇದು ಸಾವಿರಾರು ವರ್ಷದಿಂದ ನಮ್ಮ ಹಿರಿಯರು ಕುಡೀತಾ ಬಂದದ್ದು ಅಂತ ನಮ್ಮ ಸರ್ ಕ್ಲಾಸಲ್ಲಿ ಹೇಳಿದ್ರು" ಎಂದ. ನಾನು ಸುಮ್ಮನಾದೆ. ಹಾಗೆ ಹೇಳಿದ್ದು ನಿಜ. ಹೇಳಿದ ಮಾತು ಮಾತ್ರ ನಿಜವಲ್ಲ. ಎಷ್ಟು ತರಗತಿಗಳಲ್ಲಿ ಅದನ್ನು ಹೇಳಿದ್ದೆನೋ ಲೆಕ್ಕವಿಲ್ಲ. ಆ ತಪ್ಪನ್ನು ತಿದ್ದಲೆಂದೇ ಈ ಬರಹ.

ನಮ್ಮ ಹಿರಿಯರು ಕುಡಿಯುತ್ತಿದ್ದುದು ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಶುಂಠಿಗಳನ್ನು ಹುರಿದು ಪುಡಿಮಾಡಿ, ಬೆಲ್ಲದ ನೀರಿನಲ್ಲಿ ಕುದಿಸಿ, ಹಾಲು ಬೆರೆಸಿದ ಪಾನೀಯ. ನಮ್ಮ ಅಜ್ಜಿ ಕಡೆಯವರೆಗೂ ಅದನ್ನೇ ಕುಡಿದರು. ಅದರಲ್ಲಿ ಚಹಾದ ಎಲೆ ಇರಲಿಲ್ಲ. ಮಸಾಲೆ ಹಳೆಯದು, ಎಲೆ ಹೊಸದು. ಇವೆರಡನ್ನೂ ಒಂದೇ ಎಂದು ಭಾವಿಸಿದ್ದೇ ನನ್ನ ತಪ್ಪಿಗೆ ಕಾರಣ.

ಎಲೆಯ ಕಥೆ ಅಸ್ಸಾಮಿನಿಂದ ಆರಂಭವಾಗುತ್ತದೆ. ಅಲ್ಲಿಯ ಸಿಂಗ್‌ಫೋ ಜನರಿಗೆ ಕಾಡಿನ ಚಹಾ ಗಿಡದ ಪರಿಚಯ ಮೊದಲೇ ಇತ್ತು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನು ಅವರಿಂದ ಅದನ್ನು ತಿಳಿದುಕೊಂಡನು. ಅವನಿಗೆ ದಾರಿ ತೋರಿದವನು ಮಣಿರಾಮ್ ದಿವಾನ್ ಎಂಬುದು ಪ್ರಸಿದ್ಧವಾದ ಮಾತು. ಚೀನಾದ ವ್ಯಾಪಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯವನ್ನು 1833ರ ಕಾಯಿದೆ ಕೊನೆಗಾಣಿಸಿದಾಗ, ಬೆಂಟಿಂಕನು ಮರುವರ್ಷವೇ ಚಹಾ ಸಮಿತಿಯನ್ನು ನೇಮಿಸಿದನು. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಅದೇ ವರ್ಷ ಅಸ್ಸಾಂ ಕಂಪನಿ ಹುಟ್ಟಿತು. ಸ್ವಂತ ಚಹಾ ತೋಟ ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬನಾದ ಮಣಿರಾಮನನ್ನು, ದಂಗೆಯಲ್ಲಿ ಪಾಲ್ಗೊಂಡನೆಂದು 1858ರಲ್ಲಿ ಜೋರ್ಹಾಟಿನಲ್ಲಿ ಗಲ್ಲಿಗೇರಿಸಿದರು.

ತೋಟದ ಕೆಲಸಕ್ಕೆ ಛೋಟಾನಾಗಪುರ ಮೊದಲಾದ ಕಡೆಗಳಿಂದ ಬಡವರನ್ನು ಕರಾರಿನ ಮೇಲೆ ಕರೆತಂದರು. ಕರಾರು ಮುರಿದು ಓಡಿದವರನ್ನು ವಾರಂಟಿಲ್ಲದೆ ಹಿಡಿಯುವ ಅಧಿಕಾರವನ್ನು 1865ರ ಕಾಯಿದೆ ತೋಟದ ಒಡೆಯರಿಗೇ ಕೊಟ್ಟಿತು. 1921ರ ಮೇ ತಿಂಗಳಲ್ಲಿ ಚರಗೋಲಾ ಕಣಿವೆಯ ಸಾವಿರಾರು ಕೂಲಿಗಳು ತೋಟ ಬಿಟ್ಟು ಊರಿಗೆ ಹೊರಟಾಗ, ಚಾಂದಪುರದ ರೈಲು ನಿಲ್ದಾಣದಲ್ಲಿ ಗೂರ್ಖಾ ಸಿಪಾಯಿಗಳು ಅವರ ಮೇಲೆ ಬಿದ್ದು ಹೊಡೆದರು. ಇದನ್ನೂ ನಾನು ತರಗತಿಯಲ್ಲಿ ಹೇಳಲಿಲ್ಲ. ಚಹಾವನ್ನು ಪುರಾತನವೆಂದು ಕೊಂಡಾಡಿದಾಗ ಮರೆಯಾಗುವುದು ಈ ಜನರೇ. ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವ ಸಂಗತಿಯೂ ಇದೇ.

ಈ ಚಹಾವೆಲ್ಲ ಬಹುಕಾಲ ಹೊರದೇಶಕ್ಕೇ ಹೋಗುತ್ತಿತ್ತು. 1903ರಲ್ಲಿ ರಫ್ತಿನ ಮೇಲೆ ಚಹಾ ಕರ ವಿಧಿಸಿ, ಆ ಹಣವನ್ನು ಪ್ರಚಾರಕ್ಕೆ ಬಳಸತೊಡಗಿದರು. ಕ್ರಮೇಣ ಪ್ರಚಾರಕರ ದೃಷ್ಟಿ ನಮ್ಮ ದೇಶದ ಕಡೆಗೇ ತಿರುಗಿತು. ಚಹಾ ಮಾಡುವ ವಿಧಾನವನ್ನು ಬರೆದ ಫಲಕಗಳು ರೈಲು ನಿಲ್ದಾಣಗಳಲ್ಲಿ ಕಾಣಿಸಿಕೊಂಡವು. ಅವರು ಕಲಿಸಿದ್ದು ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಮೇಲೆ ಸ್ವಲ್ಪ ಹಾಲು ಹಾಕುವ ಪದ್ಧತಿ. ನಮ್ಮ ಅಂಗಡಿಕಾರರು ಹಾಲು, ಸಕ್ಕರೆ, ಮಸಾಲೆಗಳನ್ನು ಧಾರಾಳವಾಗಿ ಹಾಕಿ ಕುದಿಸಿದರು. ಹೀಗಾದರೆ ಎಲೆಯ ಖರ್ಚು ಕಡಿಮೆಯಾಗುತ್ತದೆಂದು ಪ್ರಚಾರಕರು ಅಸಮಾಧಾನಪಟ್ಟರು. ಕಷಾಯ ಕುದಿಸಿ ಅಭ್ಯಾಸವಿದ್ದ ಕೈಗಳಿಗೆ ಬೇರೆ ರೀತಿ ಹೇಗೆ ಒಗ್ಗೀತು?

ವಿರೋಧವೂ ಇಲ್ಲದಿರಲಿಲ್ಲ. 1942ರಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿದ್ದಾಗ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಗಾಂಧೀಜಿಯವರು, ಚಹಾ ದೇಹಕ್ಕೆ ಅಗತ್ಯವಲ್ಲ, ಅದರಲ್ಲಿರುವ ಟ್ಯಾನಿನ್ ಕೆಡುಕು ಎಂದಿದ್ದಾರೆ. ಆದರೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಯಾಗಿಸಿ ಸಣ್ಣ ಹರಳುಗಳನ್ನಾಗಿ ಮಾಡುವ ಸಿ.ಟಿ.ಸಿ. ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದಿತ್ತು. ಸ್ವಾತಂತ್ರ್ಯಾನಂತರ ಅದು ವ್ಯಾಪಕವಾದಾಗ ಸ್ವಲ್ಪ ಪುಡಿಯಿಂದಲೇ ಗಾಢವಾದ ಚಹಾ ಸಿಗುವಂತಾಯಿತು. ಹಾಲಿನ ಪ್ರೋಟೀನು ಟ್ಯಾನಿನ್ನಿನೊಡನೆ ಕೂಡಿ ಒಗರನ್ನು ತಗ್ಗಿಸುತ್ತದೆ. ಗಾಢ ಚಹಾಕ್ಕೆ ಹಾಲು ಹೊಂದಿದ್ದು ಹೀಗೆ. ಇಂದು ನಮ್ಮಲ್ಲಿ ಬೆಳೆಯುವ ಚಹಾದ ಬಹುಪಾಲು ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿಯೇ ಖರ್ಚಾಗುತ್ತದೆ.

ಇನ್ನು ನಾನು ಮಾಡುವ ಕ್ರಮ. ಎರಡು ಲೋಟಕ್ಕೆ ಒಂದೂಕಾಲು ಲೋಟ ನೀರು, ಒಂದು ಲೋಟ ಹಾಲು. ಜಜ್ಜಿದ ಹಸಿಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಬೇಕು. ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಗುಣವಿದೆ. ಕುದಿದರೆ ಅದು ಅಡಗುತ್ತದೆ. ಬಳಿಕ ಎರಡು ಏಲಕ್ಕಿ, ಎರಡು ಚಮಚ ಚಹಾಪುಡಿ, ರುಚಿಗೆ ಸಕ್ಕರೆ. ಬಣ್ಣ ಬಿಟ್ಟ ಮೇಲೆ ಹಾಲು ಹಾಕಿ ಒಂದೆರಡು ಸಲ ಉಕ್ಕಿಸಿ ಸೋಸಬೇಕು. ಬೆಲ್ಲ ಬೇಕೆನ್ನುವವರು ಒಲೆಯಿಂದ ಇಳಿಸಿದ ಮೇಲೆ ಹಾಕಲಿ. ಇಲ್ಲವಾದರೆ ಹಾಲು ಒಡೆದೀತು.

ಅಂದು ಆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. "ಹಾಗಾದ್ರೆ ಅಜ್ಜ, ಪರೀಕ್ಷೆಯಲ್ಲಿ ಅಪ್ಪ ಬರೆದ ಉತ್ತರ ತಪ್ಪಾ?" ಎಂದು ಕೇಳಿದಳು. ಅಪ್ಪನದಲ್ಲ, ಕಲಿಸಿದವನದು ತಪ್ಪು ಎಂದೆ. ನನ್ನಲ್ಲಿ ಓದಿದವರೆಲ್ಲ ಈ ತಿದ್ದುಪಡಿಯನ್ನು ತಮ್ಮ ಮಕ್ಕಳಿಗೂ ಹೇಳಬೇಕೆಂದು ಕೋರುತ್ತೇನೆ.