ಮಾಗುವಿಕೆಯ ಐದು ಮೆಟ್ಟಿಲು

ಹಣ್ಣು ಮಾಗಿದೆಯೇ ಎಂದು ಒತ್ತಿ ನೋಡಬಹುದು. ಸಂಸ್ಥೆಯೊಂದು ಮಾಗಿದೆಯೇ ಎಂದು ತಿಳಿಯುವುದು ಹೇಗೆ? 1979ರಲ್ಲಿ ಅಮೆರಿಕದ ಗುಣಮಟ್ಟ ತಜ್ಞ ಫಿಲಿಪ್ ಕ್ರಾಸ್ಬಿ ತಮ್ಮ ‘ಕ್ವಾಲಿಟಿ ಈಸ್ ಫ್ರೀ’ ಕೃತಿಯಲ್ಲಿ ಇದಕ್ಕೊಂದು ಕೋಷ್ಟಕವನ್ನು ಮುಂದಿಟ್ಟರು. ಅನಿಶ್ಚಯ, ಎಚ್ಚರ, ಅರಿವು, ವಿವೇಕ, ನಿಶ್ಚಯ ಎಂಬ ಐದು ಹಂತಗಳು. ಸಾಹಿತ್ಯ ಓದಿಕೊಂಡ ನನ್ನಂಥವನಿಗೆ ಇದು ಕಾರ್ಖಾನೆಯ ಕೋಷ್ಟಕಕ್ಕಿಂತ ಸಾಧಕನೊಬ್ಬನ ಯಾತ್ರೆಯಂತೆಯೇ ತೋರುತ್ತದೆ.

ಈ ಕಲ್ಪನೆಯನ್ನು ತಂತ್ರಾಂಶ ಲೋಕಕ್ಕೆ ತಂದವರು ವಾಟ್ಸ್ ಹಂಫ್ರಿ. ಐಬಿಎಂನಲ್ಲಿ ದೀರ್ಘಕಾಲ ದುಡಿದು, 1986ರಲ್ಲಿ ಅವರು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸೇರಿದರು. ಅದಕ್ಕೆ ಹಣ ಒದಗಿಸುತ್ತಿದ್ದುದು ಅಮೆರಿಕದ ರಕ್ಷಣಾ ಇಲಾಖೆ. ಗುತ್ತಿಗೆದಾರರು ಹೇಳಿದ ಸಮಯಕ್ಕೆ, ಹೇಳಿದ ವೆಚ್ಚಕ್ಕೆ ತಂತ್ರಾಂಶ ಕೊಡಬಲ್ಲರೇ ಎಂದು ಮೊದಲೇ ಅಳೆಯುವ ಸಾಧನ ವಾಯುಪಡೆಗೆ ಬೇಕಿತ್ತು. 1987ರಲ್ಲಿ ಒಂದು ಪ್ರಶ್ನಾವಳಿ, 1991ರಲ್ಲಿ ಸಿಎಂಎಂ ಎಂಬ ಪೂರ್ಣ ಮಾದರಿ ಹೊರಬಂದವು. ಅಂದರೆ ಇದು ಹುಟ್ಟಿನಿಂದಲೇ ಕೊಳ್ಳುವವನ ಕೈಯ ಅಳತೆಗೋಲು.

ಮೊದಲ ಹಂತದಲ್ಲಿ ಕೆಲಸ ನಡೆಯುವುದು ಒಬ್ಬಿಬ್ಬರು ಸಮರ್ಥರ ಬಲದಿಂದ. ಇದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಲಿಲ್ಲ. ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ ಯಾವ ಕಡತ ಎಲ್ಲಿದೆಯೆಂದು ಬಲ್ಲವರು ಒಬ್ಬರೇ ಹಿರಿಯ ಗುಮಾಸ್ತರು. ಅವರು ನಿವೃತ್ತರಾದ ಮೇಲೆ ಎರಡು ತಿಂಗಳು ನಾವು ಕಪಾಟು ಕಪಾಟು ತಡಕಾಡಿದೆವು. ಪಿಂಚಣಿಗಾಗಿ ಬಂದವರು ಬರಿಗೈಯಲ್ಲಿ ಮರಳಿದರು. ಎರಡನೆಯ ಹಂತದಲ್ಲಿ ಹಿಂದಿನ ಯಶಸ್ಸನ್ನು ಮತ್ತೆ ಸಾಧಿಸಬಹುದು. ಮೂರರಲ್ಲಿ ವಿಧಾನ ಇಡೀ ಸಂಸ್ಥೆಯದಾಗುತ್ತದೆ. ನಾಲ್ಕರಲ್ಲಿ ಅದನ್ನು ಅಂಕಿಗಳಲ್ಲಿ ಅಳೆಯುತ್ತಾರೆ. ಐದರಲ್ಲಿ ಆ ಅಳತೆಯ ಆಧಾರದ ಮೇಲೆ ಸತತವಾಗಿ ತಿದ್ದಿಕೊಳ್ಳುತ್ತಾರೆ.

ಐದನೆಯ ಹಂತವನ್ನು ಮೊದಲು ಮುಟ್ಟಿದ್ದು ಹೂಸ್ಟನ್‌ನಲ್ಲಿ ಬಾಹ್ಯಾಕಾಶ ನೌಕೆಯ ತಂತ್ರಾಂಶ ಬರೆಯುತ್ತಿದ್ದ ಐಬಿಎಂ ತಂಡ. ಅಲ್ಲಿ ತಪ್ಪಿನ ಬೆಲೆ ಗಗನಯಾತ್ರಿಗಳ ಜೀವ. ಅದರ ಬೆನ್ನಿಗೇ, 1993ರಲ್ಲಿ, ಆ ಮನ್ನಣೆ ಪಡೆದದ್ದು ಬೆಂಗಳೂರಿನ ಮೊಟೊರೋಲಾ ಘಟಕ. ದೂರದ ಗಿರಾಕಿಗೆ ನಮ್ಮವರ ಸಾಮರ್ಥ್ಯದ ಬಗ್ಗೆ ಇದ್ದ ಶಂಕೆಗೆ ಇದೊಂದು ಉತ್ತರವಾಯಿತು. ಬಹುಬೇಗ ಐದನೆಯ ಹಂತದ ಸಂಸ್ಥೆಗಳಲ್ಲಿ ಹೆಚ್ಚಿನವು ಭಾರತದಲ್ಲಿಯೇ ಇದ್ದವು. ಆ ಹೆಮ್ಮೆ ಸುಳ್ಳಲ್ಲ. ಆದರೆ ಮಾದರಿ ಕೇಳುವುದು ಕೆಲಸ ಹೇಗೆ ನಡೆಯಿತೆಂದು. ಆ ಕೆಲಸ ಯಾರಿಗಾದರೂ ಬೇಕಿತ್ತೇ ಎಂದಲ್ಲ. ಪ್ರಮಾಣಪತ್ರವೇ ಗುರಿಯಾದಲ್ಲಿ ಈ ಎರಡನೆಯ ಪ್ರಶ್ನೆ ಯಾರಿಗೂ ನೆನಪಾಗುವುದಿಲ್ಲ.

2000ದಲ್ಲಿ ಚೆನ್ನೈನ ಗುಣಮಟ್ಟ ಸಂಸ್ಥೆಯೊಂದಕ್ಕೆ ಹಂಫ್ರಿಯವರ ಹೆಸರಿಟ್ಟರು. ಅಷ್ಟರಲ್ಲಿ ಅವರ ಗಮನ ಸಂಸ್ಥೆಗಳಿಂದ ಸರಿದು ಒಬ್ಬೊಬ್ಬ ಎಂಜಿನಿಯರನ ದಿನಚರಿಯತ್ತ ತಿರುಗಿತ್ತು. ಆ ಹೊಸ ವಿಧಾನವನ್ನು ಅವರು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು: ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಕೂತು ಬರೆದು, ಹಿಡಿದ ಸಮಯವನ್ನೂ ಮಾಡಿದ ತಪ್ಪುಗಳನ್ನೂ ತಾವೇ ದಾಖಲಿಸುತ್ತ ಹೋದರು.