ಅಫಜಲಖಾನ ಯಾವ ಊರಿನವ?

ಸಾತಾರಾ, ಕೊಲ್ಹಾಪುರ ಕಡೆಯವರ ಮುಂದೆ ನಮ್ಮ ಊರಿನ ಹೆಸರು ಹೇಳಿ ನೋಡಿ. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ 'ಅದೇ ಅಫಜಲಖಾನನ ಊರಾ?' ಎಂದು ಕೇಳುತ್ತಾರೆ. ಅಫಜಲಪುರದಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸದಲ್ಲ. ಬಿಜಾಪುರದ ಸೇನಾಪತಿಯಾದ ಈ ಖಾನನನ್ನು ಪ್ರತಾಪಗಡದಲ್ಲಿ ಕೊಂದ ಶಿವಾಜಿಯ ಪಾಠ ಬಂದ ದಿನ ಹಿಂದಿನ ಬೆಂಚಿನಿಂದ ಒಂದು ಕೈ ಏಳುವುದು ಖಾತ್ರಿಯಿತ್ತು: "ಸರ, ಖಾನ ನಮ್ಮೂರಾಗೇ ಹುಟ್ಟ್ಯಾನಂತ್ರಿ, ಖರೇನೇನ್ರಿ?"

ಇದಕ್ಕೆ ಊರಿನಲ್ಲಿ ಉತ್ತರ ಒಂದಲ್ಲ. ಖಾನ ಇಲ್ಲೇ ಹುಟ್ಟಿದ ಎನ್ನುವವರಿದ್ದಾರೆ. ಹುಟ್ಟಿದ್ದು ಬೇರೆಲ್ಲೋ, ಜಹಗೀರು ಸಿಕ್ಕ ಮೇಲೆ ಇಲ್ಲಿ ಬಂದು ಪೇಟೆ ಕಟ್ಟಿಸಿದ ಎನ್ನುವವರೂ ಇದ್ದಾರೆ. ಆಳಂದದ ಕಡೆಯಿಂದ ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಹೋಗುವ ಮಂದಿ ಬೇರೆ ಕತೆ ತರುತ್ತಾರೆ: ಅವನು ಅಡುಗೆಯವಳ ಮಗ, ಸುಲ್ತಾನನಿಗೇ ಹುಟ್ಟಿದವ, ಅದಕ್ಕೇ ಅಷ್ಟು ಸೊಕ್ಕು. ಜೇವರ್ಗಿಯ ನಮ್ಮ ಬೀಗರೊಬ್ಬರು ಚಹಾದ ಬಟ್ಟಲು ಕೆಳಗಿಟ್ಟು ಹೇಳುತ್ತಿದ್ದರು: "ಮಾಸ್ತರ್ರ, ಹೆಂಡ್ರನ್ನೆಲ್ಲ ಬಾವ್ಯಾಗ ನೂಕಿ ಹೋದಾಂವ ಅಂವ. ಅಂಥಾಂವ ಯಾವ ಊರಾಂವ ಆದ್ರೇನು?" ಮೊಬೈಲ್ ಆಟದ ಖಳನ ಹೆಸರು ಎಲ್ಲಿಂದ ಬಂತು, ಅವನ ಅಪ್ಪ ಯಾರು ಎಂದು ನನ್ನ ಮೊಮ್ಮಗ ಗೆಳೆಯರ ಕೂಡ ಗಂಟೆಗಟ್ಟಲೆ ವಾದ ಮಾಡುತ್ತಾನೆ. ನಾವು ಮುನ್ನೂರೈವತ್ತು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇವೆ ಅಂತ ಅವನಿಗೆ ಹೇಳಿಲ್ಲ.

ಮೊದಲು ಹೆಸರಿನ ಮಾತು. ಖಾನನ ಹುಟ್ಟು ಹೆಸರು ಅಬ್ದುಲ್ಲಾ. ಅಫಜಲಖಾನ ಎಂಬುದು ದರಬಾರಿನ ಬಿರುದು. 1659ರಲ್ಲಿ ರಾಜಾಪುರದ ಇಂಗ್ಲಿಷ್ ವ್ಯಾಪಾರಿಗಳು ಬರೆದ ಪತ್ರದಲ್ಲಿಯೂ ಅವನು ಅಬ್ದುಲ್ಲಾ ಖಾನನೇ. ಬಿರುದು ಅಂದಮೇಲೆ ಅದು ಒಬ್ಬನ ಆಸ್ತಿಯಲ್ಲ. ಇದೇ ಬಿಜಾಪುರದಲ್ಲಿ, ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, ಅಫಜಲಖಾನ ಶಿರಾಜಿ ಎಂಬ ಮಂತ್ರಿಯಿದ್ದ. ಪ್ರತಾಪಗಡದ ಘಟನೆಗಿಂತ ಎಂಬತ್ತು ವರ್ಷ ಹಿಂದಿನ ಮಾತು. ಅತ್ತ ಮೊಗಲರಲ್ಲಿ ಶಾಹಜಹಾನನ ವಜೀರನೂ ಅಫಜಲಖಾನನೇ. ಆಗ್ರಾದ ಚೀನೀ ಕಾ ರೌಜಾ ಅವನ ಗೋರಿ. ಊರಿನ ಹೆಸರಿನಲ್ಲಿ 'ಅಫಜಲ' ಇದ್ದ ಮಾತ್ರಕ್ಕೆ ಅದು ಶಿವಾಜಿ ಕೊಂದ ಖಾನನದೇ ಎಂದು ಆಣೆ ಮಾಡಲು ಆಗುವುದಿಲ್ಲ.

ಇಲ್ಲಿ ಇನ್ನೊಂದು ತೊಡಕೂ ಇದೆ. ಅಫಜಲಪುರಗಳು ಎರಡು. ವಿಜಯಪುರ ಶಹರದ ಪಶ್ಚಿಮ ಮಗ್ಗುಲಿನ ಅಫಜಲಪುರ ಟಕ್ಕೆ ಖಂಡಿತವಾಗಿ ನಮ್ಮ ಖಾನನದು. ಬದುಕಿರುವಾಗಲೇ ತನಗಾಗಿ ಕಟ್ಟಿಸಿಕೊಂಡ ಗೋರಿ, ಪಕ್ಕದಲ್ಲಿ ಮಸೀದಿ ಅಲ್ಲಿವೆ. ಮಸೀದಿ 1653ರದು, ಎರಡು ಅಂತಸ್ತು. ಬಿಜಾಪುರದ ಅಷ್ಟೂ ಮಸೀದಿಗಳಲ್ಲಿ ಇಂಥದ್ದು ಅಪರೂಪ. ಮೇಲಿನದು ಜನಾನಾದ ಹೆಂಗಸರಿಗೆ ಎಂದು ಊಹಿಸಿದವರುಂಟು. ಗೋರಿಯ ಕೆಲಸ ಪೂರಾ ಮುಗಿದಿಲ್ಲ, ಒಳಗೆ ಖಾನನ ಹೆಣವೂ ಇಲ್ಲ. ಅವನನ್ನು ಹೂಳಿದ್ದು ಪ್ರತಾಪಗಡದ ಬುಡದಲ್ಲಿ. ಆ ಅಫಜಲಪುರದ ಕತೆಗಳು ಹೆಸರಿನ ದಾರಿ ಹಿಡಿದು ಭೀಮಾ ತೀರದ ಈ ಅಫಜಲಪುರಕ್ಕೂ ಬಂದು ಕೂತಿವೆ ಎಂಬುದು ನನ್ನ ಅಂದಾಜು. ಹುಡುಗರು 'ನಮ್ಮೂರಾಗೇ' ಅನ್ನುವುದರ ಬೇರು ಇದೇ ಇರಬೇಕು.

ಹೆಂಡಂದಿರ ಕತೆಯೂ ಅಲ್ಲಿನದೇ. ಟಕ್ಕೆಯ ಆಚೆ ಹೊಲಗಳ ನಡುವೆ 'ಸಾಠ್ ಕಬರ್' ಎಂಬ ಜಾಗವಿದೆ. ಹೆಸರಿಗೆ 60, ಎಣಿಸಿದವರು 63 ಎನ್ನುತ್ತಾರೆ, 64 ಎನ್ನುತ್ತಾರೆ. ಕಟ್ಟೆಯ ಮೇಲೆ ಸಾಲು ಸಾಲು ಕಪ್ಪು ಕಲ್ಲಿನ ಗೋರಿಗಳು. ಎಲ್ಲವೂ ಒಂದೇ ಅಳತೆ, ನಡುವಿನ ಅಂತರವೂ ಒಂದೇ, ನೆತ್ತಿ ಚಪ್ಪಟೆ. ಹೆಂಗಸರ ಗೋರಿಗಳನ್ನು ಹಾಗೆ ಮಾಡುವ ರೂಢಿ. ಹತ್ತಿರದಲ್ಲೇ ಬಾವಿ. ದಂಡೆತ್ತಿ ಹೋದರೆ ಮರಳಿ ಬರುವುದಿಲ್ಲ ಎಂದು ಜ್ಯೋತಿಷಿ ಹೇಳಿದ, ತಾನು ಸತ್ತ ಮೇಲೆ ಹೆಂಡಿರು ಇನ್ನೊಬ್ಬರ ಪಾಲಾಗಬಾರದು ಎಂದು ಖಾನ ಒಬ್ಬೊಬ್ಬರನ್ನೇ ಬಾವಿಗೆ ನೂಕಿದ, ಒಬ್ಬಳು ಮಾತ್ರ ತಪ್ಪಿಸಿಕೊಂಡಳು. ಕತೆ ಇಷ್ಟು. ಮಳೆಗಾಲದಲ್ಲಿ ಆ ಸಾಲುಗಳ ನಡುವೆ ನಿಂತರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ, ನನಗೂ ಅನ್ನಿಸಿತ್ತು. ಆದರೆ ಕೊಂದು ಹೊರಟವನು ತಿರುಗಿ ಬರಲಿಲ್ಲ. ಹಾಗಿದ್ದ ಮೇಲೆ ಅಷ್ಟು ಕಲ್ಲು ಕಡಿಸಿ, ದಾರ ಹಿಡಿದ ಹಾಗೆ ಸಾಲು ಹಾಕಿ ಗೋರಿ ಕಟ್ಟಿಸಿದವರು ಯಾರು, ಯಾರ ದುಡ್ಡಿನಲ್ಲಿ? ಕತೆ ಹೇಳುವವರು ಈ ಮಾತಿಗೆ ಬರುವುದೇ ಇಲ್ಲ.

ಅಡುಗೆಯವಳ ಮಗ ಎಂಬ ಮಾತು ಹುಟ್ಟಿದ್ದು ಅವನ ಹೆಸರಿಗೆ ಅಂಟಿಕೊಂಡ 'ಭಟಾರಿ' ಎಂಬ ಅಡ್ಡಹೆಸರಿನಿಂದ. ಭಟಾರಿ ಎಂದರೆ ಅಡುಗೆಯವನು ಎಂದು ಅರ್ಥ ಮಾಡಿ, ಅದರ ಮೇಲೆ ಸುಲ್ತಾನನ ಗುಟ್ಟಿನ ಸಂಬಂಧವನ್ನೂ ಹೇರಿದರು. ಲೆಕ್ಕ ಹಾಕಿ ನೋಡಿ. ಕತೆಯ ಸುಲ್ತಾನ ಮಹಮ್ಮದ್ ಆದಿಲ್‌ಶಾಹ ಪಟ್ಟಕ್ಕೆ ಬಂದದ್ದು 1627ರಲ್ಲಿ, ಆಗ ಅವನಿನ್ನೂ ಮೀಸೆ ಚಿಗುರುವ ಹುಡುಗ. ಅಫಜಲಖಾನ 1638ರ ಹೊತ್ತಿಗೆ ರಣದುಲ್ಲಾ ಖಾನನ ದಂಡಿನಲ್ಲಿ ಸರದಾರ. ಹನ್ನೊಂದು ವರ್ಷದಲ್ಲಿ ಮಗ ಹುಟ್ಟಿ, ಬೆಳೆದು, ಕೋಟೆ ಮುತ್ತುವುದು ಹೇಗೆ? ಶತ್ರುವಿನ ಹುಟ್ಟನ್ನು ಹೀನ ಮಾಡಿ ಹೇಳುವುದು ಹಳೆಯ ಚಾಳಿ, ಅಷ್ಟೇ.

ಈ ಎಲ್ಲ ಕತೆಗಳೂ 1659ರ ನವೆಂಬರ್ 10ರಿಂದ ಹಿಂದಕ್ಕೆ ಹೆಣೆದವು. ಆ ದಿನ ಪ್ರತಾಪಗಡದ ಕೆಳಗಿನ ಶಾಮಿಯಾನದಲ್ಲಿ ಶಿವಾಜಿ ಅವನನ್ನು ಕೊಂದ. ಹೊಟ್ಟೆ ಬಗೆಸಿಕೊಂಡು ಸತ್ತವನಿಗೆ ತಕ್ಕ ಹುಟ್ಟು ಬೇಕು, ತಕ್ಕ ಪಾಪ ಬೇಕು, ತಕ್ಕ ಅಪಶಕುನ ಬೇಕು. ಮರಾಠಿ ಪೋವಾಡಗಳು, ಬಖರುಗಳು ಅವನ್ನೆಲ್ಲ ಒದಗಿಸಿದವು. ಸಭಾಸದ ಬಖರು ಬರೆದದ್ದು 1697ರಲ್ಲಿ, ಘಟನೆಯಾಗಿ 38 ವರ್ಷಕ್ಕೆ. ತುಳಜಾಪುರದ ಭವಾನಿಯನ್ನು ಖಾನ ಒಡೆಸಿದ ಕತೆ ಅದರಲ್ಲಿದೆ. ನಮ್ಮ ಭಾಗಕ್ಕೆ ಅದನ್ನು ಸಂಬಾಳ, ತುಂತುಣಿ ಹಿಡಿದ ಗೋಂಧಳಿಗರು ತಂದರು. ಅಂಬಾಭವಾನಿ ಆಳಂದ, ಅಫಜಲಪುರದ ಎಷ್ಟೋ ಮನೆಗಳ ಕುಲದೇವತೆ. ಹೀಗಾಗಿ ಬಿಜಾಪುರದ ಸೀಮೆಯವರಾದ ನಾವೇ ಬಿಜಾಪುರದ ಸೇನಾಪತಿಯನ್ನು ಮರಾಠಿಗರ ಕಣ್ಣಿನಿಂದ ನೋಡಲು ಕಲಿತೆವು. ಅವನ ದಂಡಿನಲ್ಲಿ ಘೋರ್ಪಡೆಯವರಿದ್ದರು, ಶಿವಾಜಿಯ ಮನೆತನದವನೇ ಆದ ಮಂಬಾಜಿ ಭೋಸಲೆಯಿದ್ದ, ವಕೀಲನಾಗಿ ಹೋದವನು ಕೃಷ್ಣಾಜಿ ಭಾಸ್ಕರ ಎಂಬ ಬ್ರಾಹ್ಮಣ. ಶಿವಾಜಿಯ ಮುಂದೆ ಗೆಳೆತನದ ಸೋಗು ಹಾಕು ಎಂದು ಹೇಳಿಕೊಟ್ಟವಳು ತರುಣ ಸುಲ್ತಾನನ ಹೆಸರಿನಲ್ಲಿ ಆಳುತ್ತಿದ್ದ ಬಡೀ ಬೇಗಂ ಎಂದು ಆ ಇಂಗ್ಲಿಷ್ ಪತ್ರವೇ ಹೇಳುತ್ತದೆ. ಈ ವಿವರಗಳಿಗೆ ಹಾಡಿನಲ್ಲಿ ಜಾಗ ಸಿಗಲಿಲ್ಲ.

ಹೆಸರು ಕೆಟ್ಟವನ ಗುರುತು ಎಷ್ಟು ಸಲೀಸಾಗಿ ಅಳಿಸಿಹೋಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಪೆಟ್ಟಿಗೆ ಸಾಕ್ಷಿ. ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ 2024ರಲ್ಲಿ ಸಾತಾರಾಕ್ಕೆ ಕಡ ಕೊಟ್ಟ ಹುಲಿಯುಗುರು ಆ ಪೆಟ್ಟಿಗೆಯಲ್ಲಿತ್ತು. ಶಿವಾಜಿ ಮೊಗಲ್ ಸೇನಾಪತಿಯನ್ನು ಕೊಂದ ಆಯುಧ ಎಂದು ಅದರ ಮೇಲೆ ಬರೆಸಿದ್ದಾರೆ. ಮೊಗಲ್! 1657ರಲ್ಲಿ ಔರಂಗಜೇಬ ಬೀದರ್, ಕಲ್ಯಾಣಗಳನ್ನು ಮುತ್ತಿದಾಗ ಅವನಿಗೆ ಎದುರು ನಿಂತವರಲ್ಲಿ ಈ ಖಾನನೂ ಒಬ್ಬ. ಇದೇ ಉಗುರು ಅದೇ ಕೈಯದು ಎಂದು ಮ್ಯೂಸಿಯಮ್ಮಿನವರು ಖಚಿತವಾಗಿ ಹೇಳುವುದಿಲ್ಲ, ಅದು ಬೇರೆ ಮಾತು.

ಖಾನನನ್ನು ಬಿಡಿಸಿಕೊಳ್ಳಲು ಇಷ್ಟು ಬರೆದೆ ಎಂದು ತಿಳಿಯಬೇಡಿ. ಅವನ ತಪ್ಪು ತೋರಿಸಲು ಅಡುಗೆಮನೆಗೂ ಬಾವಿಗೂ ಹೋಗಬೇಕಾಗಿಲ್ಲ, ಸಿರಾಕ್ಕೆ ಹೋದರೆ ಸಾಕು. 1638-39ರ ಸುಮಾರಿಗೆ ಬಿಜಾಪುರದ ದಂಡು ಕನ್ನಡ ಪಾಳೆಯಗಾರರ ಮೇಲೆ ಬಂದಾಗ, ಸಿರಾದ ಕಸ್ತೂರಿ ರಂಗನಾಯಕನನ್ನು ಮಾತುಕತೆಗೆಂದು ಬಿಡಾರಕ್ಕೆ ಕರೆಸಿ ಅಫಜಲಖಾನ ಕೊಂದ. ಇಪ್ಪತ್ತು ವರ್ಷದ ಮೇಲೆ ಪ್ರತಾಪಗಡದಲ್ಲಿ ಅಪ್ಪಿಕೊಳ್ಳಲು ಹೋಗುವಾಗ ಶಿವಾಜಿ ಅಂಗಿಯ ಒಳಗೆ ಕವಚ ತೊಟ್ಟದ್ದಕ್ಕೆ ಈ ಸುದ್ದಿಯೂ ಒಂದು ಕಾರಣ ಎಂದು ಜದುನಾಥ ಸರ್ಕಾರರಂಥ ಇತಿಹಾಸಕಾರರು ಬರೆದರು. ಶಿವಾಜಿಯ ಅಣ್ಣ ಸಂಭಾಜಿ ಸತ್ತದ್ದೂ ನಮ್ಮ ಕನಕಗಿರಿಯಲ್ಲಿ. ಆ ಸಾವಿನ ಹೊಣೆಯನ್ನೂ ಖಾನನ ತಲೆಗೇ ಕಟ್ಟುತ್ತಾರೆ. ಸಿರಾದ ನಾಯಕನ ಮೇಲೆ ಒಂದು ಗೀಗೀ ಪದವನ್ನಾಗಲಿ, ಲಾವಣಿಯನ್ನಾಗಲಿ ನಮ್ಮ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳಲ್ಲಿ ನಾನು ಕೇಳಿಲ್ಲ. ಖಾನನ ದ್ರೋಹಕ್ಕೆ ಬಲಿಯಾದ ಕನ್ನಡದ ದೊರೆಯ ಹೆಸರು ನನ್ನ ತರಗತಿಯ ಯಾವ ಹುಡುಗನಿಗೂ ಗೊತ್ತಿರಲಿಲ್ಲ. 63 ಹೆಂಡಂದಿರ ಲೆಕ್ಕ ಮಾತ್ರ ಎಲ್ಲರಿಗೂ ಬಾಯಿಪಾಠ.

ಊರಿನ ಹೆಸರಿನ ವಾದ ತೀರಬೇಕಾದರೆ ಕಾಗದ ಬೇಕು. ಅಫಜಲಪುರ, ಕರಜಗಿ, ಆಳಂದದ ಕುಲಕರ್ಣಿ, ದೇಶಮುಖ, ಖಾಜಿ ಮನೆತನಗಳ ಅಟ್ಟದ ಮೇಲೆ ಮೋಡಿ ಬರಹದ ದಫ್ತರ, ಫಾರಸಿಯ ಸನದುಗಳ ಗಂಟು ಇನ್ನೂ ಇದ್ದರೆ ದಯಮಾಡಿ ಕೆಳಗಿಳಿಸಿ. 1638ಕ್ಕೂ ಹಿಂದಿನ ಒಂದು ಕಾಗದದಲ್ಲಿ ಊರಿನ ಹೆಸರು ಅಫಜಲಪುರ ಎಂದೇ ಇದ್ದರೆ, ಪ್ರತಾಪಗಡದ ಖಾನನ ಹಕ್ಕು ಬಹುತೇಕ ಅಲ್ಲಿಗೆ ಮುಗಿಯಿತು. ಗುಲ್ಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಯ್ದು ತೋರಿಸಿ. ಮೂಲವನ್ನು ಯಾರಿಗೂ ಬಿಟ್ಟುಕೊಡಬೇಡಿ, ಫೋಟೊ ತೆಗೆಸಿಕೊಟ್ಟರೆ ಸಾಕು.